ಕಾಲರಿನ ಗೆರೆ

ನಮ್ಮ ಮೇಡಂ ಯಾರನ್ನೂ ಮುಖ ನೋಡಿ ಅಳೆಯುತ್ತಿರಲಿಲ್ಲ, ಕಾಲರ್ ನೋಡಿ ಅಳೆಯುತ್ತಿದ್ದರು. ಪೀಣ್ಯದಲ್ಲಿ ಸಂಜೆ ಬಸ್ಸು ಹತ್ತಿದರೆ ಸೀಟು ಸಿಗುವ ಮಾತೇ ಇಲ್ಲ. ಕಂಬಿ ಹಿಡಿದು ನಿಂತ ನಮ್ಮ ಕಣ್ಣ ಮುಂದೆ ಬರೀ ಕತ್ತುಗಳು. ಮೇಡಂ ನನ್ನ ಕಿವಿಯ ಹತ್ತಿರ ಬಾಗಿ ಒಂದೊಂದೇ ಕತ್ತಿನ ಜಾತಕ ಓದುವರು. ಇವನು ಕೊಬ್ಬರಿ ಎಣ್ಣೆ ಹಚ್ಚುತ್ತಾನೆ, ಅದರ ಮೇಲೆ ಟಾಲ್ಕಂ ಪೌಡರ್ ಬೇರೆ. ಆಚೆಯವನು ಗಾಡಿ ಓಡಿಸುವವನು, ತುಮಕೂರು ರಸ್ತೆಯ ಹೊಗೆಯೆಲ್ಲ ಅವನ ಕತ್ತಿನಲ್ಲಿದೆ. ಒಮ್ಮೆ ಕಂಪನಿಯ ಕೆಲಸಕ್ಕೆಂದು ವೈಟ್‌ಫೀಲ್ಡ್ ಕಡೆ ಹೋಗಿದ್ದೆವು. ಅಲ್ಲಿನ ಹುಡುಗರ ಕಾಲರಿನ ಮೇಲೆ ಐಡಿ ಕಾರ್ಡಿನ ಪಟ್ಟಿ ಉಜ್ಜಿ ಉಜ್ಜಿ ಬಿದ್ದ ಗುರುತು ಕಂಡು, "ನೋಡೇ, ಇವರದ್ದು ಎರಡೆರಡು ಗೆರೆ" ಎಂದು ಹೊಸ ಹಕ್ಕಿ ಕಂಡವರ ಹಾಗೆ ಸಂಭ್ರಮಪಟ್ಟರು. ಯಾರಾದರೂ ತಿರುಗಿ ನೋಡಿದರೆ ಮಾನ ಹೋದೀತೆಂದು ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಆ ಮೇಡಂ ಹೋದ ತಿಂಗಳು ತೀರಿಕೊಂಡರು. ಪೀಣ್ಯದ ಒಂದು ಸಣ್ಣ ಬಟ್ಟೆ ಒಗೆಯುವ ಪೌಡರಿನ ಕಾರ್ಖಾನೆಯ ಲ್ಯಾಬಿನಲ್ಲಿ ಅವರು ದೊಡ್ಡ ಕೆಮಿಸ್ಟು, ನಾನು ಅವರ ಕೈ ಕೆಳಗಿನ ಚಿಕ್ಕ ಕೆಮಿಸ್ಟು. ಲ್ಯಾಬ್ ಎಂದರೆ ಗೋಡೌನಿನ ಮೇಲಿದ್ದ ಒಂದು ಉದ್ದನೆಯ ಕೋಣೆ, ಅದರಲ್ಲಿ ನಾವಿಬ್ಬರು. ಕೆಳಗೆ ಚೀಲ ಹೊಲಿಯುವ ಯಂತ್ರ ಶುರುವಾದರೆ ನಮ್ಮ ಬೀಕರುಗಳೆಲ್ಲ ಒಟ್ಟಿಗೆ ನಡುಗುತ್ತಿದ್ದವು. ಆ ಕೋಣೆಯಲ್ಲಿ ನಾನು ಕಲಿತದ್ದನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ ಎಂದರೆ ನನ್ನ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

ಕೊಳೆ ತೆಗೆಯುವ ಕೆಲಸ ಎಂದುಕೊಂಡು ಸೇರಿದ್ದೆ. ಮೊದಲ ವಾರವಿಡೀ ಮೇಡಂ ನನ್ನ ಕೈಲಿ ಕೊಳೆ ಮಾಡಿಸಿದರು. ದೀಪದ ಮಸಿ, ಕಡಲೇಕಾಯಿ ಎಣ್ಣೆ, ನುಣ್ಣನೆಯ ಜೇಡಿಮಣ್ಣು, ಉಪ್ಪು, ಇನ್ನೇನೇನೋ ಸೇರಿಸಿ ಮಿಕ್ಸಿಯಲ್ಲಿ ಅರೆದು, ಅದನ್ನು ಬಿಳಿ ಬಟ್ಟೆಯ ಚೌಕಗಳಿಗೆ ಸಮನಾಗಿ ಬಳಿಯಬೇಕು. ಒಂದು ಚೌಕಕ್ಕೆ ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆಯಾದರೆ ಇಡೀ ಕಟ್ಟು ಕಸದ ಬುಟ್ಟಿಗೆ. ಅಡುಗೆಯವರು ಸಾರಿನ ಪುಡಿಗೆ ತೋರಿಸುವ ಅಕ್ಕರೆಯನ್ನು ಅವರು ಆ ಕಪ್ಪು ಮುದ್ದೆಗೆ ತೋರಿಸುತ್ತಿದ್ದರು. ಆಯುಧಪೂಜೆಯ ದಿನ ಕೆಳಗಿನ ದೊಡ್ಡ ಯಂತ್ರಗಳ ಜೊತೆ ನಮ್ಮ ಕೊಳೆ ಮಿಕ್ಸಿಗೂ ಕುಂಕುಮವಿಟ್ಟು ಹೂ ಏರಿಸುವರು. ಮಾಲೀಕರು ನಕ್ಕರೆ, ನಮಗೆಲ್ಲ ಅನ್ನ ಹಾಕುತ್ತಿರುವುದು ಸೋಪಲ್ಲ ಸಾರ್, ಕೊಳೆ ಎನ್ನುವರು.

ಹೊಸದಾಗಿ ಸೇರಿದವರಿಗೆ, ಮಾರ್ಕೆಟಿಂಗ್ ಹುಡುಗರಿಗೆ, ಕೊನೆಗೆ ಚಹಾ ತರುವ ಅಕ್ಕನಿಗೂ ಅವರು ಒಂದೇ ಪಾಠ ಹೇಳುತ್ತಿದ್ದರು. ಎಷ್ಟು ಸಲ ಕೇಳಿದ್ದೇನೆಂದರೆ ಈಗ ನಾನೂ ಅದನ್ನೇ ಹೇಳುತ್ತೇನೆ. ಸೋಪಿನ ಕಣಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಮೈಯ ಜಿಡ್ಡು ನೂಲನ್ನು ಅಪ್ಪಿಕೊಂಡು ಕೂತಿದೆ, ನೀರಿಗೂ ಅದಕ್ಕೂ ಮಾತುಕತೆ ಇಲ್ಲ. ಆಗ ಈ ಕಣಗಳು ಬಂದು ಬಾಲವನ್ನು ಜಿಡ್ಡಿನೊಳಗೆ ಚುಚ್ಚಿ, ತಲೆಯನ್ನು ನೀರಿನ ಕಡೆಗೆ ಇಟ್ಟುಕೊಂಡು ಸುತ್ತಲೂ ನಿಲ್ಲುತ್ತವೆ. ಹರಡಿಕೊಂಡಿದ್ದ ಜಿಡ್ಡು ಗುಂಡಗಾಗಿ ನೂಲನ್ನು ಬಿಡುತ್ತದೆ. ಇಷ್ಟು ಹೇಳಿ ಮೇಡಂ ಕನ್ನಡಕ ತೆಗೆದು ತಮ್ಮ ಉದಾಹರಣೆಗೆ ಬರುವರು.

"ಮದುವೆ ಮನೇಲಿ ಒಬ್ಬ ಸೋದರಮಾವ ಜಗಳ ತೆಗೀತಾನೆ ಅಂತಿಟ್ಕೋ. ಒಬ್ಬರು ಹೋಗಿ ಎಳೆದ್ರೆ ಬರಲ್ಲ. ನಾಲ್ಕು ಜನ ಬೇಕಾದವರು ಸುತ್ತ ನಿಂತು, ಭುಜದ ಮೇಲೆ ಕೈ ಹಾಕಿ, ಮೆಲ್ಲಗೆ ಆಚೆ ಕರ್ಕೊಂಡು ಹೋಗ್ತಾರೆ. ಅದೇ ಸೋಪು. ಆದ್ರೆ ಆಚೆ ಕರ್ಕೊಂಡು ಹೋದ್ರೆ ಸಾಲದು ಕಣೇ. ಊಟ ಮುಗಿಯೋವರೆಗೂ ಅವನು ಮತ್ತೆ ಒಳಗೆ ಬರದ ಹಾಗೆ ಜೊತೇಲಿ ನಿಂತಿರ್ಬೇಕು. ಅದು ನಿಜವಾದ ಕಷ್ಟ."

ಬಟ್ಟೆ ಬಿಟ್ಟ ಕೊಳೆ ಅದೇ ನೀರಿನಲ್ಲಿ ತೇಲುತ್ತ ಮತ್ತೆ ಬಟ್ಟೆಗೇ ಅಂಟದಂತೆ ನೋಡಿಕೊಳ್ಳುವುದು ನಮ್ಮ ಪೌಡರಿನ ಅರ್ಧ ಕೆಲಸ. ಬೋರ್‌ವೆಲ್ ನೀರಿನ ವಿಷಯ ಬಂದರೆ ಮದುವೆ ಮನೆ ಇನ್ನೂ ಮುಂದುವರಿಯುತ್ತಿತ್ತು. ದಾಸರಹಳ್ಳಿಯ ಬೋರ್‌ವೆಲ್ಲಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸೋಪು ಜಿಡ್ಡಿನ ಹತ್ತಿರ ಹೋಗುವ ಮೊದಲೇ ಆ ಸುಣ್ಣ ಅದನ್ನು ಬಾಗಿಲಲ್ಲೇ ಹಿಡಿದುಕೊಂಡು ಕ್ಷೇಮ ಸಮಾಚಾರ ಕೇಳುತ್ತ ನಿಲ್ಲಿಸಿಕೊಳ್ಳುತ್ತದೆ. ಒಳಗೆ ಮಾವನ ಜಗಳ ನಡೆದೇ ಇರುತ್ತದೆ.

ನೊರೆಯ ಬಗ್ಗೆ ಅವರಿಗೂ ಮಾಲೀಕರಿಗೂ ಯಾವಾಗಲೂ ಎಳೆದಾಟ. ನೊರೆಗೂ ಕೊಳೆ ಹೋಗುವುದಕ್ಕೂ ಹೆಚ್ಚಿನ ಸಂಬಂಧವಿಲ್ಲ, ಅದು ನೋಡುವವರ ಸಮಾಧಾನಕ್ಕೆ ಎಂದು ಮೇಡಂ. ಆ ಸಮಾಧಾನವನ್ನೇ ನಾವು ಮಾರುವುದು ಎಂದು ಮಾಲೀಕರು. ಒಮ್ಮೆ ವರ್ತೂರಿನ ಕಡೆ ಮನೆಮನೆಗೆ ಪೌಡರ್ ಕೊಟ್ಟು ಬರಲು ಹೋಗಿದ್ದಾಗ ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಗೆ ಹಾರಿ ಬರುತ್ತಿತ್ತು. ಗಾಡಿಯವರು ಬೈದುಕೊಂಡು ಕೈಯಲ್ಲಿ ಒರೆಸಿಕೊಳ್ಳುತ್ತಿದ್ದರು. ಮೇಡಂ ಸೆರಗಿನ ಮೇಲೆ ಬಿದ್ದ ಒಂದು ಉಂಡೆಯನ್ನು ನೋಡಿ, ಇದರಲ್ಲಿ ನಮ್ಮದೂ ಒಂದು ಚಮಚ ಇರುತ್ತದೆ ಎಂದರು. ವಾಪಸು ಬರುವ ದಾರಿಯುದ್ದಕ್ಕೂ ಒಬ್ಬರ ಕಾಲರನ್ನೂ ನೋಡಲಿಲ್ಲ. ಆಮೇಲೆ ಪೌಡರಿನ ಪಾಕ ಬದಲಿಸಿದಾಗ ನೊರೆ ಕಡಿಮೆಯಾಯಿತು. ಅದಕ್ಕಾಗಿ ಅವರು ಮಾಲೀಕರ ಕೋಣೆಯ ಮುಂದೆ ಎಷ್ಟು ದಿನ ಕಾದರೋ ನಾನು ಲೆಕ್ಕ ಇಟ್ಟಿಲ್ಲ.

ಬ್ಲೀಚ್ ಎಂದರೆ ಅವರಿಗೆ ಆಗದು. ಅದು ಕೊಳೆ ತೆಗೆಯುವುದಲ್ಲ, ಕೊಳೆಯ ಬಣ್ಣ ತೆಗೆದು ಕೊಳೆ ಹೋಯಿತು ಅನ್ನಿಸುವುದು ಎನ್ನುವರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗನ ಬಗ್ಗೆ ಮಾತಾಡುವ ಧಾಟಿ. ಬಿಳಿ ಬಟ್ಟೆಗೆ ನೀಲಿ ಹಾಕುವವರನ್ನು ಮಾತ್ರ ಹೇಗೋ ಕ್ಷಮಿಸುತ್ತಿದ್ದರು, ತಮ್ಮ ತಾಯಿ ಹಾಕುತ್ತಿದ್ದರು ಎಂಬ ಕಾರಣಕ್ಕೆ.

ಇಷ್ಟು ಗೊತ್ತಿದ್ದ ಹೆಂಗಸು ಒಂದೇ ಒಂದು ಕಡೆ ಸೋತಿದ್ದರು, ಅದೇ ಕಾಲರಿನ ಹಳೆಯ ಗೆರೆ. ಹೊಸ ಬೆವರು, ಹೊಸ ಜಿಡ್ಡು ಯಾವ ಪೌಡರಿಗಾದರೂ ಹೋಗುತ್ತದೆ. ಅದೇ ಜಿಡ್ಡು ದಿನಗಟ್ಟಲೆ ಗಾಳಿ ಕುಡಿದು ಹಳದಿಯಾಗಿ, ಗಟ್ಟಿಯಾಗಿ, ನೂಲಿನ ಒಳಗೇ ಮನೆ ಮಾಡಿಕೊಂಡರೆ ಮುಗಿಯಿತು. ಪಾಲಿಯೆಸ್ಟರ್ ಬೆರೆತ ಬಟ್ಟೆಯಾದರೆ ಇನ್ನೂ ಕಷ್ಟ, ಅದಕ್ಕೆ ಎಣ್ಣೆಯ ಮೇಲೆ ಮೊದಲೇ ಪ್ರೀತಿ. ಕಿಣ್ವ ಹಾಕಿ ನೋಡಿದರು, ಸೋಡಾ ಹೆಚ್ಚಿಸಿ ನೋಡಿದರು, ನೆನೆಸುವ ಹೊತ್ತು ಬದಲಿಸಿ ನೋಡಿದರು. ಗೆರೆ ತೆಳುವಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಪ್ರತಿ ಸಲವೂ ಕಾಲರನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೋತ್ವಿ ಕಣೇ ಎಂದು ಹೇಳಿ ಮರುದಿನ ಮತ್ತೆ ಶುರು ಮಾಡುವರು. ಬ್ಲೀಚ್ ಮುಟ್ಟದೆ ಆ ಗೆರೆಯನ್ನು ತೆಗೆದ ದಿನ ತಾವು ರಿಟೈರ್ ಆಗುವುದೆಂದು ಅವರ ಪ್ರತಿಜ್ಞೆ.

ಇದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಾವು ಮಾಡಿದ ಕೊಳೆ ಎಷ್ಟೇ ಆದರೂ ನಕಲಿ. ಅಸಲಿಗೆ ಮನುಷ್ಯರೇ ಬೇಕು. ಸುತ್ತಮುತ್ತಲ ವರ್ಕ್‌ಶಾಪುಗಳ ಕೆಲಸಗಾರರಿಗೆ ಒಂದೇ ಥರದ ತಿಳಿನೀಲಿ ಶರ್ಟು ಹಂಚುವುದು. ಅವರು ಅದನ್ನು ಒಗೆಯದೆ ಕೆಲವು ದಿನ ಹಾಕಿಕೊಂಡು ವಾಪಸು ಕೊಡಬೇಕು. ನಾವು ಕಾಲರನ್ನು ಬೆನ್ನಿನ ನಡುವಿಗೆ ಸರಿಯಾಗಿ ಎರಡು ಮಾಡಿ, ಅರ್ಧವನ್ನು ನಮ್ಮ ಪೌಡರಿನಲ್ಲಿ, ಅರ್ಧವನ್ನು ಬೇರೆ ಕಂಪನಿಯ ಪೌಡರಿನಲ್ಲಿ ಒಗೆದು, ಮತ್ತೆ ಜೋಡಿಸಿ ನೋಡುವುದು. ಒಂದೇ ಕತ್ತಿನ ಕೊಳೆಯಾದ್ದರಿಂದ ಯಾವ ಪೌಡರಿಗೂ ಅನ್ಯಾಯವಿಲ್ಲ. ಕತ್ತರಿ ಹಾಕುವ ಕೆಲಸ ಮೇಡಂದೇ. ಶರ್ಟಿನ ತುದಿಯಲ್ಲಿ ನಂಬರ್ ಮಾತ್ರ ಇರುತ್ತಿತ್ತು, ಹೆಸರು ಇರುತ್ತಿರಲಿಲ್ಲ.

ಹೇಳಲು ಸುಲಭ, ಶರ್ಟು ವಾಪಸು ಪಡೆಯುವುದು ಕಷ್ಟ. ಕೊಳೆ ಬಟ್ಟೆಯನ್ನು ಬೇರೆಯವರ ಕೈಗೆ ಕೊಡುವುದೆಂದರೆ ನಮ್ಮ ಜನಕ್ಕೆ ಜೀವ ಹೋಗುತ್ತದೆ. ಎಷ್ಟು ಹೇಳಿದರೂ ಕೆಲವರ ತಾಯಂದಿರು, ಹೆಂಡಂದಿರು ಒಗೆದು ಇಸ್ತ್ರಿ ಮಾಡಿ ಕಳಿಸಿಬಿಡುತ್ತಿದ್ದರು. ಅದನ್ನು ಕಂಡು ಮೇಡಂ ತಲೆ ಮೇಲೆ ಕೈ ಹೊತ್ತು ಕೂರುವರು. ಇಂಥ ಒಂದು ಶರ್ಟಿನಿಂದಲೇ ಅವರ ಮದುವೆಯಾದದ್ದು. ಆ ಕತೆ ನಾನು ಸೇರುವ ಎಷ್ಟೋ ಮೊದಲಿನದು, ಅವರ ಬಾಯಲ್ಲೇ ಕೇಳಿದ್ದು.

ಅವರಾಗ ಎಂ.ಎಸ್ಸಿ ಮುಗಿಸಿ ಹೊಸದಾಗಿ ಸೇರಿದ್ದರು. ತಂದೆ ಸರಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ಮರ್ಯಾದಸ್ಥರು, ಮಗಳಿಗೆ ಗಂಡು ನೋಡುತ್ತಿದ್ದರು. ಹಿಂದಿನ ಬೀದಿಯ ಲೇತ್ ವರ್ಕ್‌ಶಾಪಿನಲ್ಲಿ ಗದಗದ ಕಡೆಯಿಂದ ಬಂದ ಟರ್ನರ್ ಒಬ್ಬರಿದ್ದರು. ಅವರ ಶರ್ಟು ವಾಪಸು ಬಂದಾಗ ಕಾಲರಿನಲ್ಲಿ ಒಂದು ಕಲೆಯೂ ಇಲ್ಲ. ಒಗೆದದ್ದಲ್ಲ ಎಂದು ಬಟ್ಟೆ ನೋಡಿದರೇ ಗೊತ್ತಾಗುತ್ತಿತ್ತು. ವಿಚಾರಿಸಿದರೆ, ಈ ಮಹಾನುಭಾವರು ದಿನಕ್ಕೆ ಎಷ್ಟೋ ಸಲ ಕತ್ತು ತೊಳೆದು, ಟಾಲ್ಕಂ ಪೌಡರ್ ಬಳಿದು, ಕರವಸ್ತ್ರ ಸುತ್ತಿ, ಅದರ ಮೇಲೆ ಶರ್ಟು ಹಾಕಿಕೊಂಡು ಲೇತ್ ಮುಂದೆ ನಿಂತಿದ್ದರಂತೆ. ಮೇಡಂ ನೇರ ವರ್ಕ್‌ಶಾಪಿಗೆ ನುಗ್ಗಿ ಎಲ್ಲರೆದುರೇ ಬೈದರು. ಟೆಸ್ಟೆಲ್ಲ ಹಾಳಾಯಿತು, ಹೀಗೇಕೆ ಮಾಡಿದಿರಿ ಎಂದು ಕೇಳಿದರು. ಆತ ಕೈ ಒರೆಸಿಕೊಳ್ಳುತ್ತ ತಲೆ ತಗ್ಗಿಸಿ ನಿಂತರು.

"ಹೊಲಸ ಅಂಗಿ ಹೆಣ್ಮಕ್ಕಳ ಕೈಯಾಗ ಹೆಂಗ ಕೊಡ್ಲಿ ಹೇಳ್ರೀ? ನಮ್ಮವ್ವಗ ಗೊತ್ತಾದ್ರ ಕಪಾಳಕ್ಕ ಹೊಡೀತಾಳ್ರಿ."

"ನನಗೆ ನಿಮ್ಮ ಮರ್ಯಾದೆ ಬೇಡ ಕಣ್ರೀ" ಎಂದರಂತೆ ಇವರು. "ನಿಮ್ಮ ಕೊಳೆ ಬೇಕು."

ಮುಂದಿನ ಸಲ ಆತ ಕಾಗದದಲ್ಲಿ ಸುತ್ತಿದ ಶರ್ಟನ್ನು ತಾವೇ ತಂದು ಮೇಜಿನ ಮೇಲಿಟ್ಟು, ತಗೋರಿ, ಏನೂ ಮುಚ್ಚಿಟ್ಟಿಲ್ಲ ಎಂದರು. ಕಾಲರ್ ಬಿಡಿಸಿ ನೋಡಿದರೆ ಲೇತಿನ ಎಣ್ಣೆ, ಕಬ್ಬಿಣದ ಪುಡಿ, ಬೆವರು, ಹೊಗೆ ಎಲ್ಲ ಪದರ ಪದರವಾಗಿ ಕೂತಿತ್ತಂತೆ. ಇಡೀ ಪೀಣ್ಯದಲ್ಲಿ ಅಷ್ಟು ಒಳ್ಳೆಯ ಕೊಳೆ ಇನ್ನೊಬ್ಬರು ಕೊಟ್ಟಿಲ್ಲ ಎಂದು ಹೇಳುವಾಗ ಮೇಡಂ ಮುಖದಲ್ಲಿ ನಾಚಿಕೆ ಕಾಣುತ್ತಿತ್ತು. "ನನ್ನ ನೋಡೋಕೆ ಬಂದ ಗಂಡುಗಳೆಲ್ಲ ಇಸ್ತ್ರಿ ಮಾಡ್ಕೊಂಡು, ಸೆಂಟ್ ಹಾಕ್ಕೊಂಡು ಬಂದಿದ್ರು. ಇವರೊಬ್ರೇ ಕೊಳೆ ತಂದ್ಕೊಟ್ಟಿದ್ದು" ಎನ್ನುವರು. ಮನೆಯಲ್ಲಿ ಎರಡು ವರ್ಷ ಗಲಾಟೆಯಾಗಿ, ಕೊನೆಗೆ ತಂದೆ ಒಪ್ಪಿ, ಇಬ್ಬರೂ ದಾಸರಹಳ್ಳಿಯಲ್ಲಿ ಮನೆ ಮಾಡಿದರು. ಮಕ್ಕಳಾಗಲಿಲ್ಲ.

ಅವರ ಯಜಮಾನರನ್ನು ನಾನು ಚೆನ್ನಾಗಿ ಬಲ್ಲೆ. ಮದುವೆಯಾದ ಮೇಲೂ ಹೆಂಡತಿಯನ್ನು ಮೇಡಂ ಎಂದೇ ಕರೆಯುತ್ತಿದ್ದರು. ಹೋದವರಿಗೆಲ್ಲ ಜೋಳದ ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ, ರೊಟ್ಟಿ ಬಡಿಯುವವರೂ ಅವರೇ. ಅವರು ನಮ್ಮ ಟ್ರಯಲ್ ಶರ್ಟನ್ನು ಕೊನೆಯವರೆಗೂ ಬಿಡಲಿಲ್ಲ. ಲ್ಯಾಬಿನಲ್ಲಿ ನಂಬರ್ ಮುಚ್ಚಿ ಕಾಲರುಗಳನ್ನು ಸಾಲಾಗಿ ಇಟ್ಟರೆ ಮೇಡಂ ಒಂದರ ಮುಂದೆ ನಿಂತು, ಇದು ನಮ್ಮನೆಯವರದು, ನಾನು ಅಂಕ ಕೊಡಲ್ಲ, ನೀನು ಕೊಡು ಎಂದು ಮುಂದಕ್ಕೆ ಹೋಗುವರು. ನಂಬರ್ ತೆಗೆದು ನೋಡಿದರೆ ಒಂದು ಸಲವೂ ತಪ್ಪಿರುತ್ತಿರಲಿಲ್ಲ.

ಇನ್ನು ನನ್ನ ಮೂಗಿನ ವಿಷಯ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕು. ಒಗೆದ ಬಟ್ಟೆಯಲ್ಲಿ ಬೆವರಿನ ವಾಸನೆ ಉಳಿದಿದೆಯೇ ಎಂದು ಮೂಸಿ ಹೇಳುವುದೂ ನಮ್ಮ ಕೆಲಸ. ನನ್ನ ಮೂಗು ಚುರುಕು ಎಂದು ಮೇಡಂ ಮೊದಲ ತಿಂಗಳೇ ಕಂಡುಹಿಡಿದು ಅದನ್ನು ತರಬೇತಿಗೆ ಹಾಕಿದರು. ವಾಸನೆಯ ದಿನ ಕಾಫಿ ಕುಡಿಯುವಂತಿಲ್ಲ, ಬೆಳ್ಳುಳ್ಳಿ ತಿನ್ನುವಂತಿಲ್ಲ, ಹೂ ಮುಡಿಯುವಂತಿಲ್ಲ. ಒಂದು ಶ್ರಾವಣ ಶುಕ್ರವಾರ ಮಲ್ಲಿಗೆ ಮುಡಿದು ಹೋದ ತಪ್ಪಿಗೆ ಬಾಗಿಲಲ್ಲೇ ನಿಲ್ಲಿಸಿ ಮನೆಗೆ ಅಟ್ಟಿದರು. ಶುರುವಿನಲ್ಲಿ ನಾನು ಟವೆಲ್ಲು ಮೂಸಿ, ಅವರ ಮುಖ ನೋಡಿ, ಅವರಿಗೆ ಯಾವುದು ಇಷ್ಟವಾಗಬಹುದೋ ಅದನ್ನು ಹೇಳಲು ನೋಡುತ್ತಿದ್ದೆ. ಒಂದು ದಿನ ನನ್ನ ಗಲ್ಲ ಹಿಡಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನನ್ನ ಮುಖ ನೋಡಿ ಹೇಳಬೇಡ, ಬಟ್ಟೆ ಮೂಸಿ ಹೇಳು ಎಂದರು. ಅವತ್ತಿನಿಂದ ಕಣ್ಣು ಮುಚ್ಚಿ ಮೂಸುವುದು ನನಗೆ ಅಭ್ಯಾಸವಾಯಿತು.

ಯಜಮಾನರು ಹೋದದ್ದು ಒಂದು ಮಧ್ಯಾಹ್ನ. ವರ್ಕ್‌ಶಾಪಿನಲ್ಲಿ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರಂತೆ, ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ಅವತ್ತು ಅವರ ಮೈಮೇಲಿದ್ದದ್ದು ಬೇರೆ ಶರ್ಟು. ನಮ್ಮ ಟ್ರಯಲ್ ಶರ್ಟು ಹಿಂದಿನ ದಿನ ಬಿಚ್ಚಿ ಹಾಕಿದಂತೆ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ತಿಥಿ ಎಲ್ಲ ಮುಗಿಸಿ ಮೇಡಂ ಕೆಲಸಕ್ಕೆ ಬಂದಾಗ ಆ ಸುತ್ತಿನ ಶರ್ಟುಗಳೆಲ್ಲ ಲ್ಯಾಬಿನಲ್ಲಿ ಸೇರಿದ್ದವು. ಅವರು ಕತ್ತರಿ ಕೈಗೆ ತೆಗೆದುಕೊಂಡು, ಒಂದು ಶರ್ಟು ವಾಪಸು ಬಂದಿಲ್ಲ ಅಂತ ಬರಿ ಎಂದರು. ನಾನು ಹಾಗೆಯೇ ಬರೆದೆ.

ಆಮೇಲೆ ಕೊರೊನಾ ಬಂತು. ಮೇಡಂ ಜ್ವರದಿಂದ ಚೇತರಿಸಿಕೊಂಡರೂ ವಾಸನೆ ಹೋಗಿಬಿಟ್ಟಿತ್ತು. ಎಲ್ಲರಿಗೂ ಕೆಲವು ವಾರಕ್ಕೆ ಮರಳಿದ್ದು ಅವರಿಗೆ ಮರಳಲಿಲ್ಲ. ಮೂಗಿಲ್ಲದ ಕೆಮಿಸ್ಟು ಸಂಬಳ ತಗೋಬಾರದು ಎಂದು ತಮಾಷೆ ಮಾಡುತ್ತಲೇ ಕೆಲಸ ಬಿಟ್ಟರು. ಗೆರೆ ತೆಗೆಯದೆ ರಿಟೈರ್ ಆದಿರಲ್ಲ ಎಂದು ನಾನು ಅಣಕಿಸಿದೆ, ಅವರು ನಕ್ಕರು. ಕೊಂಚ ಕಾಲಕ್ಕೆ ನಾನೂ ಮದುವೆಯಾಗಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಬೇರೊಂದು ಕಂಪನಿ ಸೇರಿದೆ. ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಲು ಒಂದು ದಿನವೇ ಬೇಕು, ನಮ್ಮ ಮಾತು ಫೋನಿನಲ್ಲೇ ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ದಿನ ಅವರೇ ಫೋನ್ ಮಾಡಿದರು. ಭಾನುವಾರ ಕಾವೇರಿ ನೀರು ಬರುತ್ತೆ, ಬೆಳಗ್ಗೆ ಬಾ, ಕಾಫಿ ಕುಡೀದೆ ಬಾ ಎಂದರು. ಕಾಫಿ ಕುಡಿಯದೆ ಎಂದರೆ ಮೂಸುವ ಕೆಲಸ ಇದೆ ಎಂದಾಯಿತು.

ಮನೆಯಲ್ಲಿ ಅವರು ಬೀರುವಿನಿಂದ ಒಂದು ದಪ್ಪ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ತಿಳಿನೀಲಿ ಶರ್ಟು, ಮಡಿಸದೆ ಮೆಲ್ಲಗೆ ಸುರುಳಿ ಸುತ್ತಿದ್ದರು. ಯಜಮಾನರು ಹೋದ ಮೇಲೆ ಮೇಡಂ ಆಗಾಗ ಕವರ್ ಬಿಚ್ಚಿ ಒಮ್ಮೆ ಮೂಸಿ ಮತ್ತೆ ಕಟ್ಟಿಡುತ್ತಿದ್ದರಂತೆ. ಜ್ವರ ಬಂದ ಮೇಲೆ ಅದೂ ಇಲ್ಲ. ಬಿಚ್ಚಿದರೆ ಬರೀ ಗಾಳಿ. ಅವರಿಗಿದ್ದ ಚಿಂತೆಯನ್ನು ಕೆಮಿಸ್ಟರ ಹಾಗೆಯೇ ಹೇಳಿದರು. ಒಗೆಯದೆ ಇಟ್ಟ ಜಿಡ್ಡು ಸುಮ್ಮನಿರುವುದಿಲ್ಲ, ಹುಳಿಯುತ್ತದೆ, ನೂಲನ್ನೇ ತಿನ್ನುತ್ತದೆ, ಹುಳುಗಳನ್ನು ಕರೆಯುತ್ತದೆ. ಬಟ್ಟೆ ಉಳಿಯಬೇಕಾದರೆ ಒಗೆಯಬೇಕು. ಒಗೆದರೆ ಅವರ ವಾಸನೆ ಹೋಗುತ್ತದೆ. ಆದರೆ ಆ ವಾಸನೆ ಅದರಲ್ಲಿ ಇನ್ನೂ ಇದೆಯೋ, ಇಲ್ಲ ತಾವು ಇಷ್ಟು ವರ್ಷ ಬರೀ ಹುಳಿತ ಎಣ್ಣೆಯನ್ನು ಕಾಯುತ್ತಿದ್ದರೋ, ಅದು ಅವರಿಗೆ ತಿಳಿಯುವಂತಿಲ್ಲ.

"ಅವರು ನಿಂಗೂ ಗೊತ್ತು" ಎಂದರು. "ಇದಾರಾ, ಇಲ್ವಾ, ಅಷ್ಟು ಹೇಳು. ನನ್ನ ಮುಖ ನೋಡ್ಬೇಡ."

ಹೇಳಿದ ಮೇಲೆ ಅವರೇ ಎದ್ದು ಹೋಗಿ ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ನಿಂತರು. ನಾನು ಕಣ್ಣು ಮುಚ್ಚಿ ಕಾಲರಿಗೆ ಮೂಗಿಟ್ಟೆ. ಜೀವನದಲ್ಲಿ ಎಷ್ಟು ಬಟ್ಟೆ ಮೂಸಿದ್ದೇನೋ, ಸಿಗಲಿ ಎಂದು ಬೇಡಿಕೊಂಡು ಮೂಸಿದ್ದು ಅದೊಂದೇ ಸಲ. ಕಾಲರಿನಲ್ಲಿ ಸಿಗದಿದ್ದಾಗ ಕಂಕುಳು, ಕಂಕುಳಲ್ಲಿ ಸಿಗದಿದ್ದಾಗ ಎದೆಯ ಜೇಬು. ಹಳೆಯ ಎಣ್ಣೆಯ ಕಮಟು ಇತ್ತು, ಪ್ಲಾಸ್ಟಿಕ್ ಇತ್ತು, ತೀರ ಒಳಗೆಲ್ಲೋ ಕಬ್ಬಿಣ ಇತ್ತು. ರೊಟ್ಟಿ ಹಿಟ್ಟಿನ ಕೈಯಲ್ಲಿ ನನಗೆ ನೀರು ಕೊಟ್ಟ ಆ ಮನುಷ್ಯ ಇರಲಿಲ್ಲ. ಇದೆ ಎಂದುಬಿಡೋಣ ಅನ್ನಿಸಿತು. ಅವರಿಗೆ ಹೇಗೂ ಗೊತ್ತಾಗುವುದಿಲ್ಲ. ಆದರೆ ಆ ಮಾತು ಹೇಳಲು ನನ್ನನ್ನು ಅವರು ಬೆಳೆಸಿರಲಿಲ್ಲ.

"ಹಳೇ ಎಣ್ಣೆ ಮೇಡಂ. ಸ್ವಲ್ಪ ಕಬ್ಬಿಣ. ಅವರಿಲ್ಲ."

ಮೇಡಂ ಸರಿ ಎಂದರು. ತಿರುಗಿದಾಗ ಕಣ್ಣು ಕೆಂಪಾಗಿತ್ತು, ಆದರೆ ದನಿ ಲ್ಯಾಬಿನದೇ. ಬಾ, ಒಗೆಯೋಣ ಎಂದರು. ಬಚ್ಚಲಿಗೆ ಹೋಗಿ ನೋಡಿದರೆ ಕಾವೇರಿ ನೀರು ಬಕೆಟ್ಟಿನಲ್ಲಿ ಆಗಲೇ ತುಂಬಿತ್ತು, ಪಕ್ಕದಲ್ಲಿ ಅಳೆದಿಟ್ಟ ಪೌಡರ್. ನನ್ನ ಉತ್ತರ ಏನಿರುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಕೇಳಿಸಿಕೊಳ್ಳಲು ಒಬ್ಬರು ನಂಬಿಗಸ್ತರು ಬೇಕಿತ್ತು, ಅಷ್ಟೇ. ಅಭ್ಯಾಸಬಲದಿಂದ ನಾನು ಕತ್ತರಿ ಎಲ್ಲಿ ಎಂದು ಕೇಳಿದೆ. ಬೇಡ, ಇದು ಇಡಿಯಾಗಿರಲಿ ಎಂದರು.

ಉಗುರು ಬೆಚ್ಚಗಿನ ನೀರಿನಲ್ಲಿ ಶರ್ಟು ನೆನೆಸಿ ಮೇಡಂ ಅದರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು. ಬ್ರಷ್ ಮುಟ್ಟಲಿಲ್ಲ, ಕಾಲರನ್ನು ಹೆಬ್ಬೆರಳಿನಲ್ಲೇ ಉಜ್ಜಿದರು, ಮಕ್ಕಳ ಕತ್ತು ತೊಳೆಯುವಷ್ಟು ಮೆತ್ತಗೆ. ನೀರು ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗಿತು. ನಾನು ಬಕೆಟ್ ಎತ್ತಲು ಹೋದೆ. ಚೆಲ್ಲಬೇಡ ತಾಳು ಎಂದು, ಆ ಕಲಕು ನೀರಿನಲ್ಲಿ ಮೊಣಕೈವರೆಗೂ ಕೈ ಇಳಿಬಿಟ್ಟು ಕೂತರು. ಹೊರಗೆ ತರಕಾರಿಯವನು ಕೂಗಿಕೊಂಡು ಹೋದ, ಕೆಳಗಿನ ಮನೆಯವರು ಪಂಪ್ ಹಾಕಿದರು. ಕೊನೆಗೆ ಅವರೇ ಎದ್ದು, ಹೋಗ್ಲಿ ಎಂದು ಅದನ್ನು ಬಚ್ಚಲಿನ ತೂತಿಗೆ ಸುರಿದರು.

ಎರಡು ಸಲ ಜಾಲಿಸಿ ತಾರಸಿಯ ಹಗ್ಗಕ್ಕೆ ಹಾಕಿದೆವು. ಬಿಸಿಲು ಜೋರಾಗಿತ್ತು, ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಒಣಗಿತ್ತು. ನಾನು ಕಾಲರ್ ಬಿಡಿಸಿದೆ. ಮಡಿಕೆಯ ಉದ್ದಕ್ಕೂ ಯಜಮಾನರ ಕತ್ತು ತಾಗಿದ ಕಡೆ ತೆಳ್ಳಗೆ, ಹಳದಿಯಾಗಿ, ಗೆರೆ ಹಾಗೆಯೇ ಇತ್ತು. ಕೆಲಸ ಕೆಟ್ಟಾಗ ಆಗುವ ಹಳೆಯ ಸಂಕಟವೇ ನನಗೆ ಮೊದಲು ಆಯಿತು. ಗೆರೆ ಹೋಗಿಲ್ಲ ಮೇಡಂ ಎಂದೆ. ಬಚ್ಚಲಿನ ಮೂಲೆಯಲ್ಲಿ ನೆಲ ತೊಳೆಯುವ ಬ್ಲೀಚ್ ಬಾಟಲಿ ಕಂಡಿದ್ದೆ. ತರಲೇ ಎಂದು ನಾನು ಕೇಳುವ ಮೊದಲೇ ಅವರು ಬಂದು ಶರ್ಟನ್ನು ಕಿತ್ತುಕೊಂಡರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಜೀವಮಾನವೆಲ್ಲ ಇದನ್ನ ತೆಗೀಬೇಕು ಅಂತ ಒದ್ದಾಡ್ದೆ. ಆಗ್ಲಿಲ್ಲ ನೋಡು" ಎಂದರು. "ಸದ್ಯ, ಆಗ್ಲಿಲ್ಲ."

ಅವರು ಅತ್ತದ್ದು ಆಗಲೇ. ನಾನೂ ಅತ್ತೆ. ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಅಜ್ಜಿ, ಒಂದು ಶರ್ಟು ಹಿಡಿದುಕೊಂಡು ಇಬ್ಬರು ಹೆಂಗಸರು ಅಳುವುದನ್ನು ನೋಡಿ ಕೆಲಸ ನಿಲ್ಲಿಸಿ ನಿಂತರು.

ಆಮೇಲೆ ಆ ಶರ್ಟು ಬೀರುವಿಗೆ ಹೋಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಹೋದಾಗ ಮೇಡಂ ಅದನ್ನು ಸೀರೆಯ ಮೇಲೆ ಹಾಕಿಕೊಂಡು, ತೋಳು ಮಡಚಿ ತಾರಸಿಯ ತುಳಸಿಗೆ ನೀರು ಹಾಕುತ್ತಿದ್ದರು. ಗಾರೆ ಕೆಲಸದ ಹೆಂಗಸರು ಹಾಕಿಕೊಳ್ಳುತ್ತಾರಲ್ಲ, ಹಾಗೆ. ಏನಿದು ವೇಷ ಎಂದು ನಗಾಡಿದೆ. ಕಾಲರ್ ನೋಡಿ, ಇದೇನು ಮೇಡಂ, ಇಷ್ಟು ಕೊಳೆ, ಒಗೆಯೋದಿಲ್ವಾ ಎಂದೆ. ಅವರು ಚೊಂಬು ಕೆಳಗಿಟ್ಟು, ಲ್ಯಾಬಿನ ಅದೇ ಗಂಭೀರ ಮುಖದಲ್ಲಿ ನನ್ನನ್ನು ನೋಡಿದರು.

"ಟ್ರಯಲ್ ನಡೀತಾ ಇದೆ ಕಣೇ. ಮುಗಿದ್ಮೇಲೆ ಒಗೆಯೋದು ನಿನ್ನ ಕೆಲಸ."

ಹೋದ ತಿಂಗಳು ಅವರ ಕಾರ್ಯ ಮುಗಿದ ಮೇಲೆ ಅವರ ತಂಗಿ ಬಟ್ಟೆಗಳನ್ನು ವಿಂಗಡಿಸುತ್ತಿದ್ದರು. ನಾನು ಆ ಶರ್ಟು ಕೇಳಿದೆ. ಅವರಿಗೆ ಮುಜುಗರವಾಯಿತು. ಕೊಳೆ ಬಟ್ಟೆ ಹೇಗೆ ಕೊಡುವುದು, ಒಗೆದು ಇಸ್ತ್ರಿ ಮಾಡಿಸಿ ಕಳಿಸುತ್ತೇನೆ ಎಂದರು. ಬೇಡ ಅಮ್ಮ, ನನಗೆ ಹೀಗೆಯೇ ಬೇಕು ಎಂದು ಕಾಗದದಲ್ಲಿ ಸುತ್ತಿಸಿಕೊಂಡು ಬಂದೆ.

ಈ ಭಾನುವಾರ ಒಗೆದೆ. ಉಗುರು ಬೆಚ್ಚಗಿನ ನೀರು, ಬ್ರಷ್ ಇಲ್ಲ, ಬ್ಲೀಚ್ ಇಲ್ಲ. ಒಣಗಿದ ಮೇಲೆ ಕಣ್ಣು ಮುಚ್ಚಿ ಮೂಸಿದೆ. ಪೌಡರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಕಾಲರ್ ಬಿಡಿಸಿ ಬಾಲ್ಕನಿಯ ಬಿಸಿಲಿಗೆ ಹಿಡಿದೆ. ಗೆರೆ ಇತ್ತು ಮೇಡಂ. ಹೋದ ಸಲಕ್ಕಿಂತ ಸ್ವಲ್ಪ ಗಾಢವಾಗಿತ್ತು.